ಮೋಟರ್ ತಿರಗತೈತಿ, ನೀರ್ ಬರವಲ್ದು: ಬಾವಿ, ಹೊಳಿ ದಂಡಿ ಪಂಪಿನ ದೋಷ ಹುಡುಕೂದು ಹೆಂಗ

ಬ್ಯಾಸಗಿ ಬಂತಂದ್ರ ನಮ್ಮ ಕಡೆ ವೈಂಡಿಂಗ್ ಅಂಗಡಿ ಮುಂದ ಪಂಪ್‌ಸೆಟ್ ಸಾಲ ಹಚ್ಚತಾವ. ಅಥಣಿ, ಗೋಕಾಕ, ಮುಧೋಳ, ಜಮಖಂಡಿ, ಇಂಡಿ, ಎಲ್ಲಿಗ್ ಹೋದ್ರೂ ಇದ ಕತಿ, ಕಬ್ಬು ಒಣಗಾಕತ್ತೈತಿ ಅಂತ ಗಡಬಡಿಲೆ ಮೋಟರ್ ಬಿಚ್ಚಿ ಟಂಟಂನ್ಯಾಗ ಹಾಕ್ಕೊಂಡ ಬಂದಿರ್ತಾರ. ಬಿಚ್ಚಿ ನೋಡಿದ್ರ ಭಾಳ ಸಲ ಮೋಟರಿಗೆ ಏನೂ ಆಗಿರಂಗಿಲ್ಲ. ದೋಷ ಇರೂದು ಕೆಳಗ, ಸಕ್ಷನ್ ಪೈಪಿನ್ಯಾಗ (ಬಾವಿಯಿಂದ ಪಂಪಿಗೆ ನೀರ್ ತರೂ ಪೈಪು) ಇಲ್ಲಾ ಫುಟ್‌ವಾಲ್ವಿನ್ಯಾಗ (ಆ ಪೈಪಿನ ಕೆಳತುದಿಗೆ ಇದ್ದು, ನೀರ್ ತಿರುಗಿ ಇಳಿಲಾರದಂಗ ತಡಿಯೂ ವಾಲ್ವು). ಬಿಚ್ಚೂದು, ಒಯ್ಯೂದು, ತಿರುಗಿ ತಂದು ಕೂಡಿಸೂದು ಇದರಾಗ ಎರಡ ದಿನ ಹೋಗ್ತಾವ, ಕೂಡಿಸಿದ ಮ್ಯಾಲೂ ಅದ ತಕರಾರು. ಅದಕ್ಕ ಪಾನಾ ಕೈಯಾಗ ಹಿಡಿಯೂಕಿಂತ ಮೊದಲ ಕಣ್ಣು, ಕಿವಿ, ಒಂದ ಕೊಡ ನೀರು, ಒಂದ ಹಗ್ಗ ಇಷ್ಟರಾಗ ಏನೇನ್ ಗೊತ್ತಾಗ್ತೈತಿ ಅನ್ನೂದನ್ನ ಇಲ್ಲಿ ಬರದೇನಿ.

ಇದು ಬಾವಿ ಮ್ಯಾಲ, ಹೊಳಿ ದಂಡಿ ಮ್ಯಾಲ, ಕೆನಾಲ್ ಬಾಜೂಕ ಕೂಡಿಸೂ ಮೋನೋಬ್ಲಾಕ್ (ಮೋಟರ್, ಪಂಪ್ ಒಂದ ಕೂಡೇ ಇರೂ) ಪಂಪಿನ ವಿಷಯ. ಬೋರಿನ ಸಬ್‌ಮರ್ಸಿಬಲ್‌ಗೆ ಇದು ಹೊಂದಂಗಿಲ್ಲ, ಅದು ನೀರಾಗ ಮುಳಗಿರ್ತೈತಿ, ಅದರ ರೋಗಾನ ಬ್ಯಾರೆ.

ಮೊದಲ ಒಂದ ಮಾತು: ಪಂಪ್ ನೀರ್ ಎಳಿಯಂಗಿಲ್ಲ

ಇದೊಂದ ತಿಳಕೊಂಡ್ರ ಮುಂದಿಂದ ಅರ್ಧ ಕೆಲಸ ಹಗರ ಆಕ್ಕೈತಿ. ಪಂಪಿನೊಳಗ ಇಂಪೆಲ್ಲರ್ ಅಂತ ಚಕ್ರ ಐತಿ, ಅದು ಜೋರ್ ತಿರಗಿ ನೀರನ್ನ ನಡುವಿಂದ ಹೊರಗ ಒಗಿತೈತಿ. ಒಗದ ಜಾಗಾದಾಗ, ಅಂದ್ರ ಚಕ್ರದ ನಟ್ಟನಡುವ, ಒತ್ತಡ ಕಡಿಮಿ ಆಗ್ತೈತಿ. ಆಗ ಬಾವ್ಯಾಗಿನ ನೀರಿನ ಮ್ಯಾಲ ಹೊರಗಿನ ಗಾಳಿ ಒತ್ತತಿರ್ತೈತಲ್ಲ, ಆ ಗಾಳಿನ ನೀರನ್ನ ಪೈಪಿನ್ಯಾಗ ಮ್ಯಾಲ ದಬ್ಬತೈತಿ. ಗಾಳಿಗೆ ದಬ್ಬಾಕ ಒಂದ ಮಿತಿ ಐತಿ. ಸಮುದ್ರದ ಮಟ್ಟದಾಗ ಅದು 10.3 ಮೀಟರ್ ನೀರಿನಷ್ಟು. ಪಂಪಿನಿಂದ ನೀರು ಇದಕ್ಕಿಂತ ಮ್ಯಾಲ ಯಾಕ ಏರಂಗಿಲ್ಲ ಅನ್ನೂ ಪ್ರಶ್ನೆ ಹಿಡಕೊಂಡ ಹೋಗಿನ ಇಟಲಿಯ ಟಾರಿಸೆಲ್ಲಿ ಗಾಳಿ ಒತ್ತಡ ಅಳಿಯೂ ಪಾದರಸದ ಕೊಳವಿ ಮಾಡಿದ್ದು, 1643ರ ಸುಮಾರಿಗೆ. ನಮ್ಮ ಬೆಳಗಾವಿ ಸಮುದ್ರ ಮಟ್ಟಕ್ಕಿಂತ ಸುಮಾರು 750 ಮೀಟರ್ ಎತ್ತರದಾಗ ಐತಿ, ಇಲ್ಲಿ ಗಾಳಿ ಒತ್ತಡ ಕಡಿಮಿ, ಲೆಕ್ಕಕ್ಕ ಒಂಬತ್ತೂವರಿ ಮೀಟರ್ ಅಷ್ಟ. ವಿಜಯಪುರ, ಬಾಗಲಕೋಟಿ ಕೆಳಗ ಅದಾವ, ಅಲ್ಲಿ ಒಂದ ಚೂರ್ ಹೆಚ್ಚು. ಪೈಪಿನ ಘರ್ಷಣೆ, ಬೆಂಡು, ಫುಟ್‌ವಾಲ್ವು, ನೀರಿನ ಬಿಸಿ ಎಲ್ಲಾ ಕಳದ್ರ ಖರೆ ಕೈಗೆ ಸಿಗೂದು 6 ಮೀಟರ್, ಅಂದ್ರ 20 ಫೂಟು. ಬಾಳ ಛಲೋ ಜೋಡಣಿ ಇದ್ರ 7 ಮೀಟರ್. ಅದರ ಮ್ಯಾಲ ನೀವು 5 ಎಚ್‌ಪಿ ತಗದು 10 ಎಚ್‌ಪಿ ಹಾಕಿದ್ರೂ ನೀರ್ ಏರಂಗಿಲ್ಲ, ಯಾಕಂದ್ರ ಏರಸಾಂವ ಮೋಟರ್ ಅಲ್ಲ, ಗಾಳಿ.

ಕೈ ಹಾಕೂಕಿಂತ ಮುಂಚೆ

ಸ್ಟಾರ್ಟರಿನ ಕೆಂಪ ಬಟನ್ ಒತ್ತಿದ್ರ ಸಾಕಾಗಂಗಿಲ್ರಿ. ಮೇನ್ ಸ್ವಿಚ್ ಇಳಸ್ರಿ, ಫ್ಯೂಜ್ ಕಿತ್ತು ಕಿಸೆದಾಗ ಇಟ್ಕೊಳ್ರಿ, ಯಾಕಂದ್ರ ಆಟೋ ಸ್ಟಾರ್ಟರ್ ಇದ್ರ ತ್ರೀ ಫೇಸ್ ಬಂದ ಕೂಡ್ಲೆ ತಾನಾಗೆ ಚಾಲೂ ಆಗ್ತೈತಿ, ನಿಮ್ಮ ಕೈ ಫ್ಯಾನಿನ್ಯಾಗ ಇರ್ತೈತಿ. ಹಸಿ ಕೈ, ಬರಿಗಾಲು ಬ್ಯಾಡ. ಧೋತರದ ಚುಂಗು, ಟವೆಲ್ಲು, ಸೀರಿ ಸೆರಗು ತಿರಗೂ ಶಾಫ್ಟಿನ ಹತ್ರ ಹೋಗಬಾರದು.

ಬಾವ್ಯಾಗ ಇಳಿಯೂದಿದ್ರ ಒಬ್ರ ಇಳಿಬ್ಯಾಡ್ರಿ. ಅದರಾಗೂ ಡೀಜಲ್ ಎಂಜಿನ್ ಬಾವಿಯೊಳಗಿನ ಕಟ್ಟಿ ಮ್ಯಾಲ ಇಟ್ಟು ನಡಸಿದ್ರ ಅದರ ಹೊಗಿ ಕೆಳಗ ನಿಂತಿರ್ತೈತಿ, ಅದರಾಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ, ಇಳದಾಂವ ಅಲ್ಲೇ ಎಚ್ಚರ ತಪ್ಪತಾನ, ಅವನ್ನ ಎತ್ತಾಕ ಹೋದಾಂವನೂ ಬೀಳ್ತಾನ. ಕಂದೀಲ್ ಇಳಿಬಿಟ್ಟು ಉರದ್ರ ಸುರಕ್ಷಿತ ಅನ್ನೂ ಪದ್ಧತಿ ಈ ಗಾಳಿಗೆ ನಡಿಯಂಗಿಲ್ಲ, ಅದು ಇದ್ರೂ ದೀಪ ಉರಿತಿರ್ತೈತಿ. ಒಳಗ ಬಿದ್ದಾವ್ರು ಇದ್ರ ನೀವು ಹಾರಬ್ಯಾಡ್ರಿ, 112ಕ್ಕ ಫೋನ್ ಹಚ್ರಿ, ಅಗ್ನಿಶಾಮಕದವ್ರು ಉಸಿರಾಟದ ಸಲಕರಣೆ ತರ್ತಾರ.

ಮೋಟರ್ ತಿರಗತೈತಿ, ಒಂದ ಹನಿ ನೀರಿಲ್ಲ

ಮೊದಲ ಬಂದ್ ಮಾಡ್ರಿ. ಒಣಾ ತಿರಗಿಸಿದ್ರ ಮೆಕ್ಯಾನಿಕಲ್ ಸೀಲ್ (ಶಾಫ್ಟಿನ ಸುತ್ತ ನೀರ್ ಸೋರಲಾರದಂಗ ತಡಿಯೂ ಭಾಗ) ಕೆಲವ ನಿಮಿಷದಾಗ ಸುಟ್ಟ ಹೋಗ್ತೈತಿ, ಆಮ್ಯಾಲ ಸಣ್ಣ ದೋಷ ದೊಡ್ಡದಾಗ್ತೈತಿ. ಬಾಳ ಹೊತ್ತು ಒಣಾ ತಿರಗಿದ್ರ ಒಳಗ ಉಳದ ನೀರು ಕುದ್ದಿರ್ತೈತಿ, ಪಂಪಿನ ಮೈ ಮುಟ್ಟಿ ನೋಡ್ರಿ, ಬಿಸಿ ಇದ್ರ ಪ್ರೈಮಿಂಗ್ ಬೂಚ್ (ಚಾಲೂ ಮಾಡೂಕಿಂತ ಮೊದಲ ಪಂಪಿಗೆ ನೀರ್ ತುಂಬೂ ಬಾಯಿಯ ಮುಚ್ಚಳ) ಬಿಚ್ಚಬ್ಯಾಡ್ರಿ, ಮಾರಿಗೆ ಹಾರ್ತೈತಿ. ಆರಿದ ಮ್ಯಾಲ ಬಿಚ್ರಿ.

ಈಗ ಖರ್ಚಿಲ್ಲದ ಪರೀಕ್ಷೆ. ಪ್ರೈಮಿಂಗ್ ಬೂಚಿನಿಂದ ನೀರ್ ಹಾಕ್ರಿ, ಗಾಳಿ ಗುಳ್ಳಿ ನಿಲ್ಲೂತನ ಹಾಕ್ರಿ, ಅಂಚಿನಮಟ ತುಂಬಿದ ಮ್ಯಾಲ ಹತ್ತ ನಿಮಿಷ ಸುಮ್ನ ಕುಂದರ್ರಿ. ನೀರು ಹಂಗ ನಿಂತಿತ್ತಂದ್ರ ಫುಟ್‌ವಾಲ್ವ್ ಛಲೋ ಐತಿ, ಗಾಳಿ ಹಿಡದಿತ್ತಷ್ಟ, ಬೂಚ್ ಬಿಗಿ ಮಾಡಿ ಚಾಲೂ ಮಾಡ್ರಿ, ನೀರ್ ಬರ್ತೈತಿ. ಗಾಳಿ ಯಾಕ ಹಿಡಿತೈತಿ ಅಂದ್ರ ಗಾಳಿ ನೀರಿಗಿಂತ ಸುಮಾರು 800 ಪಟ್ಟು ಹಗರ, ಚಕ್ರ ಅದನ್ನ ಎಷ್ಟ ಜೋರ್ ಒಗದ್ರೂ ನಡುವ ಒತ್ತಡ ಇಳಿಯಂಗಿಲ್ಲ, ಹಂಗಾಗಿ ಕೆಳಗಿನ ನೀರು ಅಲ್ಲಾಡಂಗಿಲ್ಲ.

ತುಂಬಿದ ನೀರು ಕಣ್ಮುಂದ ಇಳಕೊಂತ ಹೋತು ಅಂದ್ರ ಎಲ್ಲೋ ಸೋರಾಕತ್ತೈತಿ. ನೀರಿನ ಮ್ಯಾಲ ಇರೂ ಪೈಪಿನ ಜೋಡಣಿ ಒಂದೊಂದ ಕೈಲೆ ಸವರಿ ನೋಡ್ರಿ, ಎಲ್ಲಿ ಹಸಿ ಐತಿ ಅಲ್ಲಿ ಸೋರಿಕಿ. ಪೈಪೆಲ್ಲಾ ಒಣಾ ಐತಿ, ನೀರ್ ಮಾತ್ರ ಇಳಿಯಾಕತ್ತೈತಿ ಅಂದ್ರ ಫುಟ್‌ವಾಲ್ವ್. ಬಾಳ ಸಲ ಒಳಗ ಒಂದ ಕಡ್ಡಿ, ಕಬ್ಬಿನ ರವದಿ, ಸಣ್ಣ ಹಳ್ಳು ಸಿಕ್ಕು ಮುಚ್ಚಳ ಕೂಡ್ತಿರಂಗಿಲ್ಲ. ಫುಟ್‌ವಾಲ್ವಿಗೆ ಹಗ್ಗ ಕಟ್ಟಿದ್ರ ಅದನ್ನ ನಾಕೈದ ಸಲ ಮ್ಯಾಲ ಕೆಳಗ ಜಗ್ಗಿ ಬಿಡ್ರಿ, ಅದರ ಜೋಡಿ ಮ್ಯಾಲಿಂದ ಒಂದ ಬಕೀಟ್ ನೀರ್ ಒಮ್ಮೆಲೆ ಸುರುವ್ರಿ, ಕಡ್ಡಿ ತೊಳಕೊಂಡ ಹೋಗ್ತೈತಿ. ಹೋಗಲಿಲ್ಲಂದ್ರ ಪೈಪ್ ಎತ್ತಿ ಒಳಗಿನ ವಾಶರ್ ನೋಡಬೇಕು. ಚರ್ಮದ್ದಾಗಲಿ ರಬ್ಬರದ್ದಾಗಲಿ, ಅಂಚು ಸವದು ಅಲೆ ಅಲೆ ಆಗಿದ್ರ, ಇಲ್ಲಾ ನಡುವ ಸೀಳಿದ್ರ ಬದಲಿ ಮಾಡ್ರಿ, ಮೋಟರ್ ಕಟ್ಟಸೂ ರೊಕ್ಕದ ಮುಂದ ಅದು ಏನೂ ಅಲ್ಲ.

ಹಳ್ಳ್ಯಾಗ ಫುಟ್‌ವಾಲ್ವ್ ಸೋರಿದ್ರ ಸೆಗಣಿ ಕಲಸಿ ಪೈಪಿನ್ಯಾಗ ಸುರವತಾರ. ಸೆಗಣಿಯೊಳಗಿನ ನಾರು ಸಂದ್ಯಾಗ ಕುಂತು ತಾತ್ಪೂರ್ತಿಕ ಸೋರಿಕಿ ನಿಲ್ತೈತಿ, ಹೌದು, ಬೆಳಿ ಒಣಗೂ ಹೊತ್ತಿನ್ಯಾಗ ಒಂದ ದಿನ ದಾಟಿಸಾಕ ಆತು. ಆದ್ರ ದಿನಾ ಹಂಗ ಮಾಡಿದ್ರ ಅದರಾಗಿನ ಉಸುಕು ಸೀಲಿನ ನುಣುಪು ಮಾರಿ ಗೀರ್ತೈತಿ, ಡ್ರಿಪ್ ಇದ್ದಾವ್ರಿಗಂತೂ ಫಿಲ್ಟರ್ ಕಟ್ಟತೈತಿ. ಮರುದಿನಾನ ವಾಶರ್ ಹಾಕ್ರಿ.

ಫುಟ್‌ವಾಲ್ವೂ ಛಲೋ, ಪ್ರೈಮಿಂಗೂ ಆತು, ಆದ್ರೂ ನೀರಿಲ್ಲ ಅಂದ್ರ ಹಗ್ಗಕ್ಕ ಕಲ್ಲ ಕಟ್ಟಿ ಅಳೀರಿ. ಪಂಪಿನ ನಡುವಿಂದ ನೀರಿನ ಮಟ್ಟದ ತನಕ ನೆಟ್ಟಗ ಎಷ್ಟ ಐತಿ ಅದು ಲೆಕ್ಕ. ಪೈಪಿನ ಉದ್ದ ಅಲ್ಲ, ಫುಟ್‌ವಾಲ್ವಿನ ತನಕದ್ದೂ ಅಲ್ಲ. ಫುಟ್‌ವಾಲ್ವ್ ನೀರಾಗ ಎಷ್ಟ ಆಳ ಮುಳಗಿದ್ರೂ ಅದಕ್ಕ ಭಾರ ಇಲ್ಲ. 20 ಫೂಟ್ ದಾಟಿದ್ರ ದೋಷ ಪಂಪಿಂದಲ್ಲ, ನೀರಿನ ಮಟ್ಟದ್ದು. ಕೃಷ್ಣಾ ದಂಡಿ ಮ್ಯಾಲ ಇದು ವರ್ಷಾ ಆಗೂದ, ಆಲಮಟ್ಟಿ ತುಂಬಿ 519.6 ಮೀಟರಿಗೆ ನಿಂತಾಗ ಹಿನ್ನೀರು ಹೊಲದ ಹತ್ರ ಇರ್ತೈತಿ, ಬ್ಯಾಸಗಿಗೆ ಇಳದು ದೂರ ಹೋಗ್ತೈತಿ, ಪಂಪ್ ಮಾತ್ರ ಇದ್ದಲ್ಲೇ ಇರ್ತೈತಿ. ಪಂಪನ್ನ ಕೆಳಗ ಇಳಸೂದೊಂದ ದಾರಿ. ಬಾವಿ ಆದ್ರ ಒಳಗಿನ ಕಟ್ಟಿ ಮ್ಯಾಲ ಇಳಸ್ರಿ, ಅದೂ ಆಗಂಗಿಲ್ಲಂದ್ರ ಸಬ್‌ಮರ್ಸಿಬಲ್ ಕಡೆ ಹೋಗಬೇಕು.

ನೀರ್ ಬರ್ತೈತಿ, ಸ್ವಲ್ಪ ಹೊತ್ತಿಗೆ ನಿಲ್ತೈತಿ, ಇಲ್ಲಾ ಉಗುಳಿ ಉಗುಳಿ ಬರ್ತೈತಿ

ಡಿಲೆವರಿ ಪೈಪಿನ (ಪಂಪಿನಿಂದ ಹೊಲಕ್ಕ ನೀರ್ ಒಯ್ಯೂ ಪೈಪು) ಬಾಯಾಗ ನೀರು ಒಮ್ಮೆ ಜೋರು, ಒಮ್ಮೆ ಸಣ್ಣ, ನಡುನಡುವ ಫಸ್ ಫಸ್ ಅಂತ ಗಾಳಿ ಬಂತಂದ್ರ ಸಕ್ಷನ್ ಕಡೆ ಗಾಳಿ ಒಳಗ ಹೋಗಾಕತ್ತೈತಿ. ಇಲ್ಲೇ ಮಂದಿ ಮೋಸ ಹೋಗೂದು. ಡಿಲೆವರಿ ಪೈಪ್ ತೂತಾದ್ರ ನೀರ್ ಹೊರಗ ಚಿಮ್ಮತೈತಿ, ಕಾಣತೈತಿ. ಸಕ್ಷನ್ ಪೈಪ್ ತೂತಾದ್ರ ಪಂಪ್ ನಡಿಯೂ ಮುಂದ ಒಂದ ಹನಿನೂ ಹೊರಗ ಬರಂಗಿಲ್ಲ, ಹೊರಗಿನ ಗಾಳಿ ಒಳಗ ನುಗ್ಗತೈತಿ, ಜೋಡಣಿ ಒಣಾ ಒಣಾ ಇರ್ತೈತಿ, ನೋಡಾವ್ರು ಇದು ಛಲೋ ಐತಿ ಅಂತ ಬಿಟ್ಟ ಬಿಡ್ತಾರ.

ಹುಡುಕಾಕ ಊದಿನಕಡ್ಡಿ ಸಾಕು. ಪಂಪ್ ನಡದಾಗ ಸಕ್ಷನ್ ಕಡೆ ಒಂದೊಂದ ಜೋಡಣಿ, ಫ್ಲೇಂಜಿನ ಸುತ್ತ ಹೊಗಿ ಹಿಡೀರಿ, ಗಾಳಿ ಬೀಸಲಾರದ ಹೊತ್ತು ನೋಡಿ ಮಾಡ್ರಿ. ಎಲ್ಲಿ ಹೊಗಿ ಸುಯ್ ಅಂತ ಒಳಗ ಎಳಕೊಂತೈತಿ ಅಲ್ಲೇ ಗಾಳಿ ದಾರಿ. ಬಂದ್ ಮಾಡಿ ಪ್ಯಾಕಿಂಗ್ ಬದಲಿ ಮಾಡ್ರಿ, ಬೋಲ್ಟುಗಳನ್ನ ಎದುರಬದುರ ಸ್ವಲ್ಪ ಸ್ವಲ್ಪ ಬಿಗಿ ಮಾಡ್ರಿ. ಹಳಿ ಪಂಪಿನ್ಯಾಗ ಗ್ಲ್ಯಾಂಡಿನ ಡೋರಿ (ಸೋರಲಾರದಂಗ ಶಾಫ್ಟಿನ ಸುತ್ತ ತುಂಬಿದ ಹಗ್ಗದಂಥ ಪ್ಯಾಕಿಂಗು) ಒಣಗಿದ್ರ ಅಲ್ಲಿಂದಾನೂ ಗಾಳಿ ಹೋಗ್ತೈತಿ, ಅದನ್ನ ಮರಿಬ್ಯಾಡ್ರಿ.

ಹೊಗಿ ಎಲ್ಲೂ ಎಳಕೊಳ್ಳಲಿಲ್ಲ ಅಂದ್ರ ಬಾವಿಗೆ ಬಗ್ಗಿ ನೋಡ್ರಿ. ನೀರಿನ ಮ್ಯಾಲ ಸುಳಿ ತಿರಗಾಕತ್ತಿದ್ರ ಫುಟ್‌ವಾಲ್ವ್ ಮ್ಯಾಲ ಉಳದೈತಿ, ಗಾಳಿ ಸುಳ್ಯಾಗಿಂದ ಹೊಂಟೈತಿ. ಕಡಿಮಿ ಅಂದ್ರೂ ಎರಡ ಫೂಟ್ ಮುಳಗಿರಬೇಕು, ತಳದಿಂದ ಒಂದ ಫೂಟ್ ಮ್ಯಾಲ ಇರಬೇಕು, ಇಲ್ಲಾಂದ್ರ ಉಸುಕು ಏಳ್ತೈತಿ. ಇನ್ನೊಂದು, ಸಕ್ಷನ್ ಪೈಪ್ ನೀರಿನಿಂದ ಪಂಪಿನ ತನಕ ಏರಕೊಂತನ ಬಂದಿರಬೇಕು, ನಡುವ ಎಲ್ಲೆರೆ ಗೂನು ಬಂದಿದ್ರ ಆ ಗೂನಿನ್ಯಾಗ ಗಾಳಿ ಕೂಡಿ ಕೂಡಿ ಕಡೀಕ ನೀರಿನ ದಾರಿ ಕಟ್ಟತೈತಿ. ಹೊಸಾ ಪೈಪ್ ಹಾಕಿದ ವಾರದಾಗ ಈ ತಕರಾರು ಬಂತಂದ್ರ ನಾ ಮೊದಲ ನೋಡೂದ ಈ ಗೂನು.

ನೀರ್ ಬರ್ತೈತಿ, ಮೊದಲಿನ ಜೋರಿಲ್ಲ

ವೈಂಡಿಂಗ್ ಕಟ್ಟಿಸಿ ತಂದ ಮ್ಯಾಲ, ಇಲ್ಲಾ ಲೈನಿನ ಕೆಲಸ ಆದ ಮರುದಿನದಿಂದ ಹಿಂಗಾತು ಅಂದ್ರ ಮೋಟರ್ ಉಲ್ಟಾ ತಿರಗಾಕತ್ತೈತಿ. ಉಲ್ಟಾ ತಿರಗಿದ್ರ ನೀರ್ ಬಾವಿಗೆ ತಿರುಗಿ ಹೋಗ್ತೈತಿ ಅಂತ ತಿಳಕೊಂಡಾವ್ರು ಬಾಳ ಮಂದಿ, ಹಂಗ ಆಗಂಗಿಲ್ಲ, ಈ ನಮೂನಿ ಪಂಪ್ ಉಲ್ಟಾ ತಿರಗಿದ್ರೂ ನೀರ್ ಮುಂದನ ಹೋಗ್ತೈತಿ, ಬಾಳ ಕಡಿಮಿ ಅಷ್ಟ. ಅದಕ್ಕ ಸಂಶೇನ ಬರಂಗಿಲ್ಲ. ಪಂಪಿನ ಮೈಮ್ಯಾಲ ಬಾಣದ ಗುರ್ತು ಎರಕದಾಗನ ಇರ್ತೈತಿ, ಒಂದ ಕ್ಷಣ ಚಾಲೂ ಮಾಡಿ ಬಂದ್ ಮಾಡ್ರಿ, ಹಿಂದಿನ ಫ್ಯಾನ್ ನಿಲ್ಲೂ ಹೊತ್ತಿನ್ಯಾಗ ಯಾವ ಕಡೆ ತಿರಗತೈತಿ ನೋಡ್ರಿ. ಬಾಣಕ್ಕ ವಿರುದ್ಧ ಇದ್ರ ಮೂರ ವೈರಿನ್ಯಾಗ ಯಾವದಾರ ಎರಡು ಅದಲಬದಲ ಮಾಡಿದ್ರ ಸರಿ, ಮೇನ್ ಇಳಸಿ ಗೊತ್ತಿದ್ದಾವ್ರ ಕಡೆ ಮಾಡಸ್ರಿ.

ದಿನಾ ದಿನಾ ಸಾವಕಾಶ ಕಡಿಮಿ ಆಗಕೊಂತ ಬಂದ್ರ ಮಾತ ಬ್ಯಾರೆ. ಮೊದಲ ಜಾಳಗಿ, ಅಂದ್ರ ಸ್ಟ್ರೇನರ್ ತಗದು ತೊಳೀರಿ, ಹೊಳ್ಯಾಗಿನ ಪಾಚಿ, ಪ್ಲಾಸ್ಟಿಕ್ ಚೀಲ ಅದಕ್ಕ ಸುತಗೊಂಡಿರ್ತಾವ. ಆಮ್ಯಾಲ ಒಂದ ಪ್ರೆಶರ್ ಗೇಜ್ ಡಿಲೆವರಿ ಕಡೆ ಹಚ್ಚಿ ಈ ಪರೀಕ್ಷೆ ಮಾಡ್ರಿ, ನನಗ ಇದಕ್ಕಿಂತ ಛಲೋ ಪರೀಕ್ಷೆ ಗೊತ್ತಿಲ್ಲ. ಪಂಪ್ ನಡದಾಗ ಡಿಲೆವರಿ ವಾಲ್ವ್ ಸಾವಕಾಶ ಪೂರ್ತಿ ಮುಚ್ರಿ, ಗೇಜ್ ಓದ್ರಿ, ಅರ್ಧ ನಿಮಿಷದಾಗ ತಗೀರಿ, ಜಾಸ್ತಿ ಹೊತ್ತು ಮುಚ್ಚಿದ್ರ ಒಳಗಿನ ನೀರು ಕಾಯ್ತೈತಿ. ಗೇಜಿನ ಒಂದ ಕೆಜಿಗೆ (ಚದರ ಸೆಂಟಿಮೀಟರಿಗೆ ಒಂದ ಕೆಜಿ ಒತ್ತಡ) 10 ಮೀಟರ್ ಹಿಡೀರಿ, ಅದಕ್ಕ ಸಕ್ಷನ್ ಎತ್ತರ ಕೂಡಸ್ರಿ. 2 ಕೆಜಿ ತೋರಿಸಿ ಸಕ್ಷನ್ 5 ಮೀಟರ್ ಇದ್ರ ಒಟ್ಟ 25 ಮೀಟರ್. ಈ ಸಂಖ್ಯಾ ಪಂಪಿನ ಪ್ಲೇಟಿನ ಮ್ಯಾಲ ಬರದ ಹೆಡ್ಡಿಗಿಂತ, ಅಂದ್ರ ಪಂಪ್ ನೀರ್ ಎತ್ತೂ ಎತ್ತರಕ್ಕಿಂತ, ಹೆಚ್ಚ ಇರಬೇಕು. ಇತ್ತಂದ್ರ ಚಕ್ರ ಛಲೋ ಐತಿ, ದೋಷ ಪೈಪಿನ್ಯಾಗ, ಜಾಳಗ್ಯಾಗ, ಫುಟ್‌ವಾಲ್ವಿನ್ಯಾಗ ಹುಡುಕ್ರಿ. ಪ್ಲೇಟಿಗಿಂತ ಕಡಿಮಿ ಬಂತಂದ್ರ, ಮೋಟರ್ ಸರಿ ಕಡೆ ತಿರಗೂದು ಖಾತ್ರಿ ಇದ್ರ, ಇಂಪೆಲ್ಲರ್ ಸವದೈತಿ. ಉಸುಕಿನ ನೀರು ಅಂಚು ತಿಂದು ಸಂದು ದೊಡ್ಡದಾಗಿ, ಒಗದ ನೀರು ಒಳಗಿಂದೊಳಗ ತಿರುಗಿ ನಡುವಕ್ಕ ಬರಾಕತ್ತಿರ್ತೈತಿ. ಇಲ್ಲಿ ಮಾತ್ರ ಪಂಪ್ ಬಿಚ್ಚಸ್ರಿ. ಬೆಳಗಾವಿ ಉದ್ಯಮಬಾಗ ಕಡೆ ಎರಕ, ಲೇತ್ ಕೆಲಸದ ಕಾರಖಾನಿ ಬೇಕಾದಷ್ಟ ಅದಾವ, ಹಳಿ ಇಂಪೆಲ್ಲರ್ ಜೋಡಿ ಒಯ್ದು ಅಳತಿ ಕೂಡಿಸಿಕೊಂಡ ಬರ್ರಿ.

ಡೀಜಲ್ ಎಂಜಿನ್ನಿಗೆ ಬೆಲ್ಟ್ ಹಾಕಿ ನಡಸಾವ್ರು ಮೊದಲ ಬೆಲ್ಟ್ ನೋಡ್ರಿ. ಹೆಡ್ಡು ವೇಗದ ವರ್ಗದ ಲೆಕ್ಕದಾಗ ಇಳಿತೈತಿ, ಬೆಲ್ಟ್ ಜಾರಿ ವೇಗ ನೂರಕ್ಕ 10 ಕಡಿಮಿ ಆದ್ರ ಹೆಡ್ಡು ನೂರಕ್ಕ 19 ಹೋತು. 2880 ಸುತ್ತಿನ ಪಂಪಿಗೆ ಯಾರೋ 1440 ಸುತ್ತಿನ ಮೋಟರ್ ಜೋಡಿಸಿದ್ರ ಹೆಡ್ಡು ನಾಕರಾಗ ಒಂದ ಪಾಲಿಗೆ ಬರ್ತೈತಿ.

ಪಂಪಿನ್ಯಾಗ ಹರಳು ಹಾಕಿ ಅಲ್ಲಾಡಿಸಿದಂಗ ಸದ್ದು

ಬೇರಿಂಗ್ ಅಂತ ಓಡಬ್ಯಾಡ್ರಿ. ಚಕ್ರದ ನಡುವ ಒತ್ತಡ ಅತಿ ಇಳದ್ರ ನೀರು ತಣ್ಣಗಿದ್ರೂ ಅಲ್ಲೇ ಆವಿ ಆಗಿ ಗುಳ್ಳಿ ಏಳ್ತಾವ, ಅವು ಮುಂದ ಒತ್ತಡ ಹೆಚ್ಚಿದ್ದಲ್ಲಿ ಪಟ್ ಪಟ್ ಒಡಿತಾವ, ಒಡದಾಗೊಮ್ಮೆ ಕಬ್ಬಿಣ ಚೂರ್ ಚೂರ್ ತಿಂತಾವ. ಡಿಲೆವರಿ ವಾಲ್ವ್ ಸ್ವಲ್ಪ ಮುಚ್ರಿ. ಸದ್ದು ಕಡಿಮಿ ಆತಂದ್ರ ಇದ ದೋಷ. ಜಾಳಗಿ ಕಟ್ಟೈತಿ, ನೀರ್ ಬಾಳ ಕೆಳಗ ಹೋಗೈತಿ, ಇಲ್ಲಾ ಸಕ್ಷನ್ ಪೈಪ್ ಸಣ್ಣದಾತು. ಸಕ್ಷನ್ ಪೈಪ್ ಡಿಲೆವರಿಗಿಂತ ಒಂದ ಸೈಜ್ ದೊಡ್ಡದಿರಬೇಕು.

ಸ್ಟಾರ್ಟರ್ ಮ್ಯಾಲಿಂದ ಮ್ಯಾಲ ಟ್ರಿಪ್ ಆಗ್ತೈತಿ

ಓವರ್‌ಲೋಡ್ ರಿಲೇ (ಹೆಚ್ಚ ಕರೆಂಟ್ ಹರದ್ರ ಮೋಟರ್ ಬಂದ್ ಮಾಡೂ ಭಾಗ) ತಿರವಿ ಹೆಚ್ಚಿಗೆ ಇಡೂದು, ಫ್ಯೂಜಿಗೆ ದಪ್ಪ ತಾಮ್ರದ ತಂತಿ ಸುತ್ತೂದು ದಯವಿಟ್ಟ ಮಾಡಬ್ಯಾಡ್ರಿ. ರಿಲೇ ಬೀಳಾಕತ್ತೈತಿ ಅಂದ್ರ ಮೋಟರ್ ಉಳಸಾಕತ್ತೈತಿ ಅಂತ.

ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡದು ಕರೆಂಟ್ ಅಳಿಯೂ ಮೀಟರು) ಇದ್ದ ಮಿಸ್ತ್ರಿ ಕರದು ಮೂರೂ ಫೇಸಿನ ಆಂಪಿಯರ್ ನೋಡಸ್ರಿ. 5 ಎಚ್‌ಪಿ ಮೋಟರ್ 415 ವೋಲ್ಟಿಗೆ ಅಂದಾಜು 7ರಿಂದ 8 ಆಂಪಿಯರ್ ತಗೊಂತೈತಿ, ಖರೆ ಮಿತಿ ಪ್ಲೇಟಿನ ಮ್ಯಾಲ ಐತಿ. ಮೂರೂ ಫೇಸು ಸಮ ಇದ್ದು ಎಲ್ಲಾ ಹೆಚ್ಚಂದ್ರ ವೋಲ್ಟೇಜ್ ನೋಡ್ರಿ. ಎಲ್ಲಾರೂ ಒಮ್ಮೆಲೆ ಪಂಪ್ ಹಚ್ಚೂ ಹೊತ್ತಿನ್ಯಾಗ 350ಕ್ಕ ಬಿದ್ದಿದ್ರ ಮೋಟರಿನ ತಿರಗಸೂ ಬಲ ವೋಲ್ಟೇಜಿನ ವರ್ಗದ ಹಂಗ ಇಳಿತೈತಿ, ನೂರಕ್ಕ 71 ಉಳಿತೈತಿ ಅಷ್ಟ, ಅದ ಕೆಲಸಕ್ಕ ಹೆಚ್ಚ ಕರೆಂಟ್ ಎಳದು ಕಾಯ್ತೈತಿ. ವೋಲ್ಟೇಜ್ ಏರೂತನ ಕಾಯ್ರಿ.

ವೋಲ್ಟೇಜೂ ಛಲೋ ಇದ್ದು ಆಂಪಿಯರ್ ಹೆಚ್ಚು, ಅದೂ ಮಳಿಗಾಲದಾಗ ಬಾವಿ ತುಂಬಿದಾಗ, ಇಲ್ಲಾ ಪೈಪ್ ಒಡದು ಹತ್ರದಾಗ ನೀರ್ ಬೀಳೂ ಮುಂದ ಟ್ರಿಪ್ ಆದ್ರ ಬಾಳ ಮಂದಿಗೆ ತಿಳಿಯಂಗಿಲ್ಲ. ಎತ್ತರ ಕಡಿಮಿ ಆದ್ರ ಭಾರ ಕಡಿಮಿ ಆಗಬೇಕಲ್ಲ ಅಂತಾರ. ಈ ಪಂಪಿನ್ಯಾಗ ಉಲ್ಟಾ, ಎದುರ ಒತ್ತಡ ಕಡಿಮಿ ಆದಷ್ಟು ನೀರ್ ಹೆಚ್ಚ ಹರಿತೈತಿ, ಅಷ್ಟು ನೀರನ್ನ ಒಗಿಯಾಕ ಮೋಟರಿಗೆ ಭಾರ ಹೆಚ್ಚು. ಡಿಲೆವರಿ ವಾಲ್ವ್ ಅಷ್ಟಿಷ್ಟ ಮುಚ್ಚಿ ಆಂಪಿಯರ್ ಪ್ಲೇಟಿನ ಮಿತಿಗೆ ತರ್ರಿ, ಟ್ರಿಪ್ ನಿಲ್ತೈತಿ. ಚಾಲೂ ಮಾಡೂ ಮುಂದಾನೂ ವಾಲ್ವ್ ಮುಚ್ಚಿಟ್ಟು ಆಮ್ಯಾಲ ಸಾವಕಾಶ ತಗದ್ರ ಮೋಟರಿಗೆ ಹಗರ.

ಒಂದ ಫೇಸಿನ್ಯಾಗ ಸೊನ್ನಿ, ಉಳದ ಎರಡರಾಗ ಬಾಳ ಹೆಚ್ಚು ಅಂದ್ರ ಒಂದ ಫೇಸ್ ಹೋಗೈತಿ, ಆ ಕ್ಷಣಾನ ಬಂದ್ ಮಾಡ್ರಿ. ನಿಮ್ಮ ಫ್ಯೂಜ್, ಸ್ಟಾರ್ಟರಿನ ಕಾಂಟ್ಯಾಕ್ಟ್ ಛಲೋ ಇದ್ರ ಹೆಸ್ಕಾಂ ಲೈನ್‌ಮನ್‌ಗೆ ಹೇಳ್ರಿ, ಕಂಬ ನೀವ್ ಹತ್ತಬ್ಯಾಡ್ರಿ, ಟಿಸಿ (ಟ್ರಾನ್ಸ್‌ಫಾರ್ಮರ್) ಪೆಟ್ಟಿಗಿಗೆ ಕೈ ಹಾಕಬ್ಯಾಡ್ರಿ. ಪ್ರತಿ ವರ್ಷ ಇದರಾಗ ಜೀವ ಹೋಗ್ತಾವ. ಕೆಪ್ಯಾಸಿಟರ್ ಹಚ್ಚಿ ಎರಡ ಫೇಸಿನ ಮ್ಯಾಲ ಓಡಸೂದೂ ವೈಂಡಿಂಗಿಗೆ ಕೇಡು, ಮೂರು ಫೇಸಿಗೆ ಕಟ್ಟಿದ್ದು ಒಂದ ಕಡೆ ಹೆಚ್ಚ ಕಾಯ್ತೈತಿ.

ಗುಂಯ್ ಅಂತೈತಿ, ತಿರಗಂಗಿಲ್ಲ

ಹತ್ತ ಸೆಕೆಂಡ್ ಸೈತ ಹಿಡಿಬ್ಯಾಡ್ರಿ, ಬಂದ್ ಮಾಡ್ರಿ. ಫ್ಯೂಜ್ ಕಿತ್ತು, ಹಿಂದಿನ ಫ್ಯಾನ್ ಕವರ್ ತಗದು ಶಾಫ್ಟ್ ಕೈಲೆ ತಿರವ್ರಿ. ಹಗರ ತಿರಗಿದ್ರ ಕರೆಂಟಿನ ದೋಷ, ಮ್ಯಾಲ ಹೇಳಿದ ಫೇಸಿನ ಕತಿ. ತಿರಗಲಿಲ್ಲಂದ್ರ ಜಾಮ್ ಆಗೈತಿ. ಮಳಿಗಾಲ ಪೂರ್ತಿ ನಿಂತ ಪಂಪಿನ್ಯಾಗ ಇಂಪೆಲ್ಲರ್ ಜಂಗ ಹಿಡದು ಕೂಡ್ತೈತಿ, ಸ್ವಲ್ಪ ಎಣ್ಣಿ ಬಿಟ್ಟು ಹಿಂದ ಮುಂದ ಅಲ್ಲಾಡಸ್ರಿ, ಬಿಡತೈತಿ. ಪಾನಾ ಹಾಕಿ ಬಲಾ ಮಾಡಿದ್ರ ಶಾಫ್ಟ್ ಬಗ್ಗತೈತಿ. ಬಿಡಲಿಲ್ಲಂದ್ರ ಒಳಗ ಕಲ್ಲು ಸಿಕ್ಕಿರಬಹುದು, ಬೇರಿಂಗ್ ಒಡದಿರಬಹುದು, ಮಿಸ್ತ್ರಿ ಕೆಲಸ.

ಶಾಫ್ಟಿನ ಹತ್ರ ಸೋರೂದು, ಮೈ ಕಾಯೂದು

ಗ್ಲ್ಯಾಂಡ್ ಡೋರಿ ಇದ್ದ ಪಂಪಿನ್ಯಾಗ ನಿಮಿಷಕ್ಕ 40ರಿಂದ 60 ಹನಿ ಬೀಳಲೇಬೇಕು, ಅದು ಡೋರಿಗೆ ತಂಪು. ಪೂರ್ತಿ ಬಿಗಿ ಮಾಡಿ ನಿಲ್ಲಿಸಿದ್ರ ಡೋರಿ ಸುಟ್ಟು ಶಾಫ್ಟ್ ಸವಿತೈತಿ. ಮೆಕ್ಯಾನಿಕಲ್ ಸೀಲ್ ಇದ್ದ ಪಂಪ್ ಮಾತ್ರ ಸೋರಬಾರದು, ಸೋರಿದ್ರ ಸೀಲ್ ಬದಲಿ ಮಾಡಸ್ರಿ, ತಡಾ ಮಾಡಿದ್ರ ನೀರು ಬೇರಿಂಗಿಗೆ, ಅಲ್ಲಿಂದ ವೈಂಡಿಂಗಿಗೆ ಹೋಗ್ತೈತಿ.

ಬೇರಿಂಗ್ ಇರೂ ಕಡೆ ಸ್ಕ್ರೂ ಡ್ರೈವರಿನ ತುದಿ ಊರಿ ಹಿಡಿಕಿ ಕಿವಿಗೆ ಹಚ್ಚಿ ಕೇಳ್ರಿ, ಒಂದ ಸಮ ಸದ್ದಿದ್ರ ಛಲೋ, ಕರಕರ ಅಂದ್ರ ಸವದೈತಿ. ಸುಟ್ಟ ವಾಸನಿ, ಹೊಗಿ, ಇಲ್ಲಾ ಪಂಪಿನ ಮೈ ಮುಟ್ಟಿದ್ರ ಜುಮ್ ಅಂದ್ರ ಅಲ್ಲಿಗೆ ಎಲ್ಲಾ ಬಿಡ್ರಿ. ಮೇನ್ ಇಳಸಿ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಪರೀಕ್ಷೆ ಮಾಡೂ ಮೀಟರು) ಇದ್ದ ಎಲೆಕ್ಟ್ರಿಶಿಯನ್ ಕರೀರಿ, ಅರ್ಥಿಂಗ್ ನೋಡಸ್ರಿ, ಅವ್ರು ಹೇಳೂತನ ದನಾ, ಮಕ್ಕಳು ಆ ಹಸಿ ಜಾಗಾಕ ಹೋಗಬಾರದು.

ಅಂಗಡಿಗೆ ಒಯ್ಯೂದ ಖಾತ್ರಿ ಆದ್ರ ಪ್ಲೇಟಿನ ಫೋಟೊ, ಮೂರೂ ಫೇಸಿನ ಆಂಪಿಯರ್, ವೋಲ್ಟೇಜು, ವಾಲ್ವ್ ಮುಚ್ಚಿದಾಗಿನ ಗೇಜಿನ ಅಂಕಿ, ಬಾವಿ ನೀರಿನ ಆಳ ಇಷ್ಟ ಬರಕೊಂಡ ಹೋಗ್ರಿ. ಬಿಚ್ಚೂ ಮುಂದ ಮೂರ ವೈರಿಗೂ ಬಣ್ಣದ ಟೇಪ್ ಸುತ್ತಿ ಗುರ್ತು ಮಾಡ್ರಿ, ತಂದು ಕೂಡಿಸಿದ ಮ್ಯಾಲ ಉಲ್ಟಾ ತಿರಗೂ ತಕರಾರು ಕಡಿಮಿ ಆಗ್ತೈತಿ.